'ನನಗೆ ಹೇಳೋಕೆ ಏನೂ ಇಲ್ಲ' ಎನ್ನುವ ಮಗಳ ಫ್ರೆಂಚ್ ಓರಲ್

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ಮಗಳು ಬೆಂಗಳೂರಿನ ಹಾಸ್ಟೆಲ್‌ನಲ್ಲಿದ್ದು ಐಬಿ ಡಿಪ್ಲೊಮಾ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮ ಓದುತ್ತಿದ್ದಾಳೆ. ಫ್ರೆಂಚ್ ಅವಳ ಲ್ಯಾಂಗ್ವೇಜ್ ಬಿ, ಅಂದರೆ ಹೆಚ್ಚುವರಿಯಾಗಿ ಕಲಿಯುವ ಭಾಷೆ, ಸ್ಟ್ಯಾಂಡರ್ಡ್ ಲೆವೆಲ್. ಸದ್ಯದಲ್ಲೇ ಓರಲ್ ಪರೀಕ್ಷೆ ಇದೆ. ಐಡೆಂಟಿಟಿ, ಎಕ್ಸ್‌ಪೀರಿಯೆನ್ಸ್, ಹ್ಯೂಮನ್ ಇಂಜೆನ್ಯುಯಿಟಿ, ಈ ಮೂರು ವಿಷಯ ಗಟ್ಟಿ ಮಾಡಿಕೊಂಡು ಬಾ ಎಂದು ಟೀಚರ್ ಹೇಳಿ ಕಳಿಸಿದ್ದಾರೆ. ರಜೆಗೆ ಬಂದವಳು ಬಾಗಿಲು ಹಾಕಿಕೊಂಡು ಪುಟಗಟ್ಟಲೆ ಬಾಯಿಪಾಠ ಮಾಡುತ್ತಿದ್ದಾಳೆ. ಕೇಳಿದರೆ ಅಳು ಬರುತ್ತದೆ. 'ಕ್ಲಾಸಿನವರೆಲ್ಲ ಪ್ಯಾರಿಸ್ ನೋಡಿ ಬಂದಿದ್ದಾರೆ, ನಾನು ತೋಟ ಬಿಟ್ಟು ಏನು ನೋಡಿದ್ದೀನಿ, ನನಗೆ ಹೇಳೋಕೆ ಏನೂ ಇಲ್ಲ' ಅಂತಾಳೆ. ನನಗೆ ಫ್ರೆಂಚ್ ಬರುವುದಿಲ್ಲ. ಹೇಗೆ ಸಹಾಯ ಮಾಡಲಿ? ಟ್ಯೂಷನ್ ಹಾಕಿಸಬೇಕಾ?

ಉತ್ತರ: ಮೊದಲು ಆ ಬಾಯಿಪಾಠ ನಿಲ್ಲಿಸಿ. ಇವತ್ತೇ ನಿಲ್ಲಿಸಿದರೆ ಒಳ್ಳೆಯದು. ಅವಳು ಸೋಮಾರಿಯಲ್ಲ, ಕಷ್ಟಪಡುತ್ತಿದ್ದಾಳೆ. ಆದರೆ ಈ ಪರೀಕ್ಷೆ ಕೇಳದೇ ಇರುವ ಕಷ್ಟವನ್ನು ಪಡುತ್ತಿದ್ದಾಳೆ.

ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ನಿಮಗೂ ತಿಳಿದಿರಲಿ, ಯಾಕೆಂದರೆ ನೀವು ಮಾಡಬಹುದಾದ ಸಹಾಯ ಅದರಲ್ಲೇ ಇದೆ. ಅವಳ ಮುಂದೆ ಎರಡು ಚಿತ್ರ ಇಡುತ್ತಾರೆ. ಎರಡೂ ಬೇರೆ ಬೇರೆ ವಿಷಯದವು, ಅವಳು ಮೊದಲು ನೋಡಿರದವು. ಒಂದನ್ನು ಆರಿಸಿಕೊಳ್ಳಬೇಕು. ತಯಾರಿಗೆ 15 ನಿಮಿಷ. ಆ ಹೊತ್ತಿನಲ್ಲಿ ಹೆಚ್ಚೆಂದರೆ 10 ಅಂಶ ಚುಟುಕಾಗಿ ಬರೆದುಕೊಳ್ಳಬಹುದು. ಆಮೇಲೆ 3-4 ನಿಮಿಷ ಚಿತ್ರದ ಬಗ್ಗೆ ಅವಳೊಬ್ಬಳೇ ಮಾತಾಡಬೇಕು. ಅದಾದ ಮೇಲೆ 4-5 ನಿಮಿಷ ಅದೇ ವಿಷಯದ ಮೇಲೆ ಟೀಚರ್ ಜೊತೆ ಮಾತುಕತೆ. ಕೊನೆಗೆ 5-6 ನಿಮಿಷ ಬೇರೆ ವಿಷಯದ ಮೇಲೆ ಮಾತುಕತೆ. ಎಲ್ಲ ಸೇರಿ 12ರಿಂದ 15 ನಿಮಿಷ. ಪರೀಕ್ಷೆ ಮಾಡುವವರು ಅವಳ ಟೀಚರೇ. ಮಾತನ್ನು ರೆಕಾರ್ಡ್ ಮಾಡುತ್ತಾರೆ.

ಈಗ ಲೆಕ್ಕ ಹಾಕಿ ನೋಡಿ. ಅವಳೊಬ್ಬಳೇ ಮಾತಾಡುವುದು ನಾಲ್ಕು ನಿಮಿಷ. ಉಳಿದ ಹತ್ತು ನಿಮಿಷ ಎದುರಿನವರು ಏನು ಕೇಳುತ್ತಾರೋ ಗೊತ್ತಿಲ್ಲ. ಪುಟಗಟ್ಟಲೆ ಬಾಯಿಪಾಠ ಅಲ್ಲಿ ಯಾವ ಉಪಯೋಗಕ್ಕೂ ಬರುವುದಿಲ್ಲ. ಅಷ್ಟೇ ಅಲ್ಲ, ಕೆಡುಕೂ ಮಾಡುತ್ತದೆ. ಒಂದು ವಾಕ್ಯ ಮರೆತರೆ ಮುಂದಿನದೆಲ್ಲ ಕೈ ತಪ್ಪುತ್ತದೆ. ಟೀಚರ್ ಕೇಳಿದ್ದು ಒಂದು, ಇವಳು ಒಪ್ಪಿಸಿದ್ದು ಇನ್ನೊಂದು ಎಂದಾಗುತ್ತದೆ. ಒಟ್ಟು 30 ಅಂಕದಲ್ಲಿ ಭಾಷೆಗೆ 12. ಚಿತ್ರದ ಬಗ್ಗೆ ಏನು ಹೇಳಿದಳು ಎಂಬುದಕ್ಕೆ 6, ಮಾತುಕತೆಯಲ್ಲಿ ಏನು ಹೇಳಿದಳು ಎಂಬುದಕ್ಕೆ 6. ಎದುರಿನವರ ಮಾತು ಅರ್ಥ ಮಾಡಿಕೊಂಡು ಮಾತು ಮುಂದುವರಿಸಿದಳೇ ಎಂಬುದಕ್ಕೆ ಇನ್ನೊಂದು 6. ಕೊನೆಯ ಎರಡನ್ನು ಕೂಡಿಸಿ ನೋಡಿ. ಭಾಷೆಗೆ ಎಷ್ಟೋ ಅಷ್ಟೇ ಅಂಕ ಅಲ್ಲೂ ಇದೆ. ಪ್ಯಾರಿಸ್ ನೋಡಿದ್ದಕ್ಕೆ ಎಲ್ಲೂ ಅಂಕ ಇಲ್ಲ.

'ಹೇಳೋಕೆ ಏನೂ ಇಲ್ಲ' ಎಂಬ ಮಾತು ನಿಜವೇ ಅಲ್ಲ. ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದ ಮಕ್ಕಳಿಂದ ಇದನ್ನು ಜಾಸ್ತಿ ಕೇಳುತ್ತೇನೆ, ಪ್ರತಿ ಸಲ ಬೇಜಾರಾಗುತ್ತದೆ. ಅವರ ಹತ್ತಿರ ಇರುವಷ್ಟು ಸರಕು ಎಷ್ಟೋ ಸಿಟಿ ಮಕ್ಕಳ ಹತ್ತಿರ ಇರುವುದಿಲ್ಲ. ಅದು ಸರಕು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೇ.

ಒಂದು ಎಚ್ಚರಿಕೆ ಮಾತ್ರ ಇಲ್ಲೇ ಹೇಳಿಬಿಡುತ್ತೇನೆ. ಚಿತ್ರ ಫ್ರೆಂಚ್ ಮಾತಾಡುವ ಜಗತ್ತಿನದು. ಮೊದಲ ನಾಲ್ಕು ನಿಮಿಷದಲ್ಲಿ ಅವಳು ಚಿತ್ರವನ್ನು ಆ ಜಗತ್ತಿಗೆ ಜೋಡಿಸಲೇಬೇಕು. ಆಫ್ರಿಕಾದ ಸೆನೆಗಲ್ ದೇಶದ ರಾಜಧಾನಿ ಡಕಾರ್‌ನ ಮಾರುಕಟ್ಟೆಯ ಚಿತ್ರ ಕೊಟ್ಟಾಗ ಒಂದೇ ಏಟಿಗೆ ಸಕಲೇಶಪುರದ ಸಂತೆಗೆ ಹಾರಿ ಅಲ್ಲೇ ಉಳಿದರೆ ಅಂಕ ಹೋಗುತ್ತದೆ. ಅವರದು ಮೊದಲು, ನಮ್ಮದು ಆಮೇಲೆ, ಎರಡರ ನಡುವೆ ತನ್ನ ಅಭಿಪ್ರಾಯ. ಈ ಕ್ರಮ ಅವಳಿಗೆ ರೂಢಿಯಾಗಲಿ.

ಹಾಗಾಗಿ ಅವಳು ತಯಾರು ಮಾಡಬೇಕಾದ್ದು ಭಾಷಣವಲ್ಲ, ಜೋಡಿಗಳು. ಫ್ರೆಂಚ್ ಜಗತ್ತಿನ ಒಂದು ಖಚಿತ ಸಂಗತಿ, ಅದರ ಪಕ್ಕದಲ್ಲಿ ತನ್ನ ಊರಿನ, ತನ್ನ ಬದುಕಿನ ಒಂದು ಖಚಿತ ಸಂಗತಿ. ಅಂಥ ಆರೇಳು ಜೋಡಿ ಇದ್ದರೆ ಯಾವ ಚಿತ್ರ ಬಂದರೂ ಒಂದಲ್ಲ ಒಂದು ನೆರವಿಗೆ ಬರುತ್ತದೆ.

ಐಡೆಂಟಿಟಿಯಿಂದ ಶುರು ಮಾಡೋಣ. ಮಕ್ಕಳು ಜಾಸ್ತಿ ತಡವರಿಸುವುದು ಇಲ್ಲೇ. 'ನಾನು ಯಾರು' ಎಂದು ದೊಡ್ಡದಾಗಿ ಶುರು ಮಾಡಿ ಎರಡನೇ ವಾಕ್ಯಕ್ಕೇ ನಿಂತುಬಿಡುತ್ತಾರೆ. ದೊಡ್ಡ ಮಾತು ಬೇಡ. ಮಗಳು ಒಂದು ದಿನದಲ್ಲಿ ಎಷ್ಟು ಭಾಷೆ ಮಾತಾಡುತ್ತಾಳೆ ಎಂದು ಕೇಳಿ. ಮನೆಯಲ್ಲಿ ಕನ್ನಡ. ತೋಟದಲ್ಲಿ ತಮಿಳು ಮನೆಮಾತಿನವರ ಜೊತೆ ಅರ್ಧ ತಮಿಳು. ಅಂಗಡಿ ಸಾಹೇಬರ ಹತ್ತಿರ ಒಂದೆರಡು ಮಾತು ಉರ್ದು. ಘಟ್ಟ ಇಳಿದರೆ ತುಳು. ಹಾಸ್ಟೆಲ್‌ನಲ್ಲಿ ಇಂಗ್ಲಿಷ್. ಕ್ಲಾಸಿನಲ್ಲಿ ಫ್ರೆಂಚ್. ಮಲೆನಾಡಿನಲ್ಲಿ ಇದು ಯಾರಿಗೂ ವಿಶೇಷ ಅನ್ನಿಸುವುದಿಲ್ಲ. ಆದರೆ ಭಾಷೆ ಮತ್ತು ಗುರುತು ಎಂಬುದು ಐಬಿಯ ಐಡೆಂಟಿಟಿ ವಿಷಯದೊಳಗೇ ಇರುವ ಒಂದು ಮುಖ್ಯ ಭಾಗ. ಯಾವ ಭಾಷೆಯಲ್ಲಿ ಕೋಪ ಬರುತ್ತದೆ, ಯಾವುದರಲ್ಲಿ ಲೆಕ್ಕ ಮಾಡುತ್ತಾಳೆ, ಯಾವುದರಲ್ಲಿ ನಾಚಿಕೆಯಾಗುತ್ತದೆ? ಇದನ್ನು ಹೇಳುವುದಕ್ಕೆ ಕಷ್ಟದ ಫ್ರೆಂಚ್ ಬೇಕಾಗಿಲ್ಲ. ಹೇಳಿದರೆ ಮಾತ್ರ ಎದುರಿಗಿರುವವರು ಕಿವಿ ನೆಟ್ಟಗೆ ಮಾಡಿ ಕೇಳುತ್ತಾರೆ.

ಇದಕ್ಕೆ ಜೋಡಿ ಫ್ರೆಂಚ್ ಜಗತ್ತಿನಲ್ಲಿ ಬೇಕಾದಷ್ಟು ಸಿಗುತ್ತದೆ. ಸೆನೆಗಲ್‌ನಲ್ಲಿ ಆಡಳಿತದ ಭಾಷೆ ಫ್ರೆಂಚ್, ಬೀದಿಯಲ್ಲಿ ಜಾಸ್ತಿ ಕೇಳುವುದು ವೊಲೊಫ್. ಅಲ್ಲಿನ ಹುಡುಗಿಯೊಬ್ಬಳು ಶಾಲೆಯಲ್ಲಿ ಒಂದು, ಮನೆಯಲ್ಲಿ ಇನ್ನೊಂದು ಭಾಷೆ ಆಡುವುದು ನಿಮ್ಮ ಮಗಳಿಗೆ ಪಾಠ ಓದದೆಯೇ ಅರ್ಥವಾಗುತ್ತದೆ, ಅಲ್ವಾ? ಕೆನಡಾದ ಕ್ವಿಬೆಕ್ ಪ್ರಾಂತ್ಯ ಇನ್ನೊಂದು ಒಳ್ಳೆಯ ಉದಾಹರಣೆ. ಸುತ್ತಲೂ ಇಂಗ್ಲಿಷ್, ನಡುವೆ ಫ್ರೆಂಚ್. ಅಲ್ಲಿ 1977ರಲ್ಲಿ ಫ್ರೆಂಚ್ ಭಾಷೆಯ ಸನ್ನದು ಎಂಬ ಕಾನೂನು ಬಂತು. ಜನ ಅದನ್ನು ಲುವಾ 101 ಎಂದು ಕರೆಯುತ್ತಾರೆ. ಕೆಲಸ, ಶಾಲೆ, ಅಂಗಡಿ ಬೋರ್ಡು ಎಲ್ಲದರಲ್ಲೂ ಫ್ರೆಂಚ್‌ಗೆ ಜಾಗ ಕೊಟ್ಟ ಕಾನೂನು ಅದು. ನಮ್ಮಲ್ಲಿ ಬೋರ್ಡಿನ ಮೇಲೆ ಕನ್ನಡ ಎಷ್ಟಿರಬೇಕು ಎಂಬ ಚರ್ಚೆ ಅವಳು ಬೆಂಗಳೂರಿನಲ್ಲಿ ಕಣ್ಣಾರೆ ನೋಡಿರುತ್ತಾಳೆ. ಎರಡನ್ನೂ ಪಕ್ಕ ಪಕ್ಕ ಇಟ್ಟು 'ಕಾನೂನಿನಿಂದ ಭಾಷೆ ಉಳಿಯುತ್ತಾ?' ಎಂದು ತಾನೇ ಕೇಳಿಕೊಂಡು ತನಗನ್ನಿಸಿದ್ದನ್ನು ಹೇಳಿದರೆ ಐದು ನಿಮಿಷ ಹೋಗಿದ್ದೇ ಗೊತ್ತಾಗುವುದಿಲ್ಲ.

ವ್ಯಕ್ತಿಯ ಉದಾಹರಣೆ ಬೇಕಿದ್ದರೆ ಮೇರಿ ಕ್ಯೂರಿ. ಎಲ್ಲರೂ ಅವರನ್ನು ವಿಜ್ಞಾನಕ್ಕೆ ಮಾತ್ರ ಬಳಸುತ್ತಾರೆ. ಹುಟ್ಟಿದ್ದು 1867ರಲ್ಲಿ ವಾರ್ಸಾದಲ್ಲಿ. ಆಗ ಪೋಲೆಂಡ್ ಎಂಬ ದೇಶ ನಕ್ಷೆಯಲ್ಲಿರಲಿಲ್ಲ, ಮೂರು ಸಾಮ್ರಾಜ್ಯಗಳು ಅದನ್ನು ಹಂಚಿಕೊಂಡಿದ್ದವು. ಓದಿದ್ದು, ಬಾಳಿದ್ದು ಪ್ಯಾರಿಸ್‌ನಲ್ಲಿ. 1898ರಲ್ಲಿ ಗಂಡನ ಜೊತೆ ಸೇರಿ ಹೊಸ ಧಾತು ಕಂಡುಹಿಡಿದಾಗ ಅದಕ್ಕೆ ಪೊಲೋನಿಯಂ ಎಂದು ಹುಟ್ಟಿದ ನಾಡಿನ ಹೆಸರಿಟ್ಟರು. ಈ ಒಂದು ಸಂಗತಿ ಐಡೆಂಟಿಟಿಗೂ ಬರುತ್ತದೆ, ವಲಸೆಯ ಅನುಭವಕ್ಕೂ ಬರುತ್ತದೆ, ವಿಜ್ಞಾನಕ್ಕೂ ಬರುತ್ತದೆ. ಹೀಗೆ ಮೂರು ಕಡೆ ಬಳಸಬಹುದಾದ ಸಂಗತಿಗಳನ್ನೇ ಹುಡುಕಿಕೊಳ್ಳಬೇಕು. ಬರೀ ಒಂದು ಕಡೆ ಬಳಸಬಹುದಾದ್ದು ಎಷ್ಟು ಚೆನ್ನಾಗಿದ್ದರೂ ಬಿಡಿ, ತಲೆಯಲ್ಲಿ ಅಷ್ಟು ಜಾಗ ಇರುವುದಿಲ್ಲ.

ಎಕ್ಸ್‌ಪೀರಿಯೆನ್ಸ್ ಎಂದರೆ ಪ್ರವಾಸ ಎಂದೇ ಮಕ್ಕಳು ತಿಳಿಯುತ್ತಾರೆ. ಪ್ರವಾಸ ಅದರಲ್ಲಿ ಒಂದು ಭಾಗ ಅಷ್ಟೇ. ಹಬ್ಬ, ಪದ್ಧತಿ, ಬದುಕಿನ ತಿರುವು, ವಲಸೆ, ಬಿಡುವಿನ ಆಟ ಎಲ್ಲ ಅದರಲ್ಲಿದೆ. ನಿಮ್ಮ ಮಗಳು ಹದಿನಾರಕ್ಕೋ ಹದಿನೇಳಕ್ಕೋ ಮನೆ ಬಿಟ್ಟು ಹಾಸ್ಟೆಲ್ ಸೇರಿದಳು. ಅದೇ ಒಂದು ದೊಡ್ಡ ಅನುಭವ. ಮೊದಲ ರಾತ್ರಿ ಏನನ್ನಿಸಿತು, ಈಗ ರಜೆಗೆ ಬಂದಾಗ ಮನೆ ಹೇಗೆ ಕಾಣುತ್ತದೆ? ಇದರಲ್ಲಿ ಫ್ರೆಂಚ್‌ನ ಎರಡು ಭೂತಕಾಲಗಳೂ ತಾವಾಗಿಯೇ ಬಂದುಬಿಡುತ್ತವೆ. ಆಗೆಲ್ಲ ಹೀಗಿತ್ತು ಎನ್ನುವುದಕ್ಕೆ ಎಂಪಾರ್ಫೆ, ಒಂದು ದಿನ ಹೀಗಾಯಿತು ಎನ್ನುವುದಕ್ಕೆ ಪಾಸೆ ಕೊಂಪೋಸೆ. ವ್ಯಾಕರಣವನ್ನು ತಂದು ತುರುಕುವ ಬದಲು, ವ್ಯಾಕರಣ ಬೇಕಾಗುವ ಕಥೆಯನ್ನು ಆರಿಸಿಕೊಳ್ಳುವುದು ಜಾಣತನ.

ನಿಮ್ಮ ತೋಟದಲ್ಲೇ ಇರುವ ಒಂದು ಜೋಡಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಫ್ರಾನ್ಸ್‌ನಲ್ಲಿ ದ್ರಾಕ್ಷಿ ಕೊಯ್ಲಿಗೆ ವಾಂದಾಂಜ್ ಎನ್ನುತ್ತಾರೆ. ಹೆಚ್ಚು ಕಡಿಮೆ ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ನಡೆಯುತ್ತದೆ. ಶಾಂಪೇನ್ ಪ್ರದೇಶದಲ್ಲಿ ದ್ರಾಕ್ಷಿಯನ್ನು ಕೈಯಿಂದಲೇ ಕೀಳಬೇಕು, ಯಂತ್ರಕ್ಕೆ ಅಲ್ಲಿನ ನಿಯಮ ಅವಕಾಶ ಕೊಡುವುದಿಲ್ಲ. ಹಾಗಾಗಿ ಕೊಯ್ಲಿನ ಕಾಲಕ್ಕೆ ಹೊರಗಿನಿಂದ ಸಾವಿರಾರು ಜನ ಕೆಲಸಕ್ಕೆ ಬರುತ್ತಾರೆ. ಅವರಲ್ಲಿ ಕಾಲೇಜು ಹುಡುಗರಿರುತ್ತಾರೆ, ಬೇರೆ ದೇಶದವರಿರುತ್ತಾರೆ. ಈಗ ನಿಮ್ಮ ತೋಟ. ನವೆಂಬರ್ ಬಂತೆಂದರೆ ಅರೇಬಿಕಾ ಹಣ್ಣು ಕೆಂಪಾಗುತ್ತದೆ, ಆಮೇಲೆ ರೊಬಸ್ಟಾ. ಹಣ್ಣನ್ನು ನೋಡಿ ನೋಡಿ ಕೈಯಿಂದಲೇ ಬಿಡಿಸಬೇಕು. ಊರಿನ ಆಳು ಸಾಲುವುದಿಲ್ಲ. ಬಯಲುಸೀಮೆಯಿಂದ, ಈಚೆಗೆ ಅಸ್ಸಾಂ ಕಡೆಯಿಂದಲೂ ಜನ ಬಂದು ಲೈನ್ ಮನೆಗಳಲ್ಲಿ ಉಳಿಯುತ್ತಾರೆ. ಸಂಜೆ ಕಣದ ಹತ್ತಿರ ಚೀಲ ತೂಗುವಾಗ ನಾಲ್ಕು ಭಾಷೆ ಕೇಳಿಸುತ್ತದೆ.

ದ್ರಾಕ್ಷಿ ತೋಟದಲ್ಲಿ ಜನ ಬಗ್ಗಿ ಕೆಲಸ ಮಾಡುತ್ತಿರುವ ಚಿತ್ರ ಅವಳಿಗೆ ಬಂತು ಎಂದುಕೊಳ್ಳಿ. ಬಾಯಿಪಾಠದ ಹುಡುಗಿ ಹೇಳುವುದು: 'ಚಿತ್ರದಲ್ಲಿ ಐದು ಜನ ಇದ್ದಾರೆ. ಆಕಾಶ ನೀಲಿ ಇದೆ. ಒಬ್ಬರು ಟೋಪಿ ಹಾಕಿದ್ದಾರೆ.' ಒಂದು ನಿಮಿಷ ಹೀಗೇ ಹೋಗುತ್ತದೆ, ವಿಷಯ ಶುರುವೇ ಆಗಿರುವುದಿಲ್ಲ. ನಿಮ್ಮ ಮಗಳು ಎರಡು ಮೂರು ವಾಕ್ಯದಲ್ಲಿ ಚಿತ್ರ ವಿವರಿಸಿ, 'ಇವರ ಕೈಗವಸು ನೋಡಿದರೆ ಇದು ಪ್ರವಾಸಿಗರ ಚಿತ್ರವಲ್ಲ, ಕೂಲಿಯವರ ಚಿತ್ರ' ಎಂದರೆ ಸಾಕು. ಅಲ್ಲಿಂದ ವಾಂದಾಂಜ್ ಎಂದರೇನು, ಅದು ಫ್ರೆಂಚರಿಗೆ ಬರೀ ಕೆಲಸವೇ ಅಥವಾ ಹಬ್ಬವೂ ಹೌದೇ, ಹೊರಗಿನಿಂದ ಬಂದವರಿಗೆ ಆ ಹಬ್ಬದಲ್ಲಿ ಪಾಲಿದೆಯೇ ಎಂದು ಮಾತು ಬೆಳೆಯುತ್ತದೆ. ಕೊನೆಯಲ್ಲಿ 'ಶೇ ನೂ', ಅಂದರೆ ನಮ್ಮ ಕಡೆ ಎಂದು ಶುರು ಮಾಡಿ ಎರಡು ವಾಕ್ಯದಲ್ಲಿ ಕಾಫಿ ಕೊಯ್ಲು ತರಬಹುದು. ಆ ಎರಡು ವಾಕ್ಯ ಕೇಳಿದ ಯಾವ ಟೀಚರ್ ಆದರೂ ಮಾತುಕತೆಯಲ್ಲಿ ಅದನ್ನೇ ಹಿಡಿದು ಪ್ರಶ್ನೆ ಕೇಳುತ್ತಾರೆ. ಆಗ ಅವಳು ತನ್ನ ಮನೆಯ ಅಂಗಳದಲ್ಲೇ ಇರುತ್ತಾಳೆ. ಗೊತ್ತಿರುವ ವಿಷಯಕ್ಕೆ ಪ್ರಶ್ನೆಯನ್ನು ಎಳೆದು ತರುವ ಈ ಕಲೆಯಲ್ಲಿ ಮೋಸ ಏನೂ ಇಲ್ಲ. ಒಳ್ಳೆಯ ಮಾತುಗಾರರೆಲ್ಲ ಮಾಡುವುದು ಇದನ್ನೇ.

ಊಟದ ವಿಷಯ ಬಂದರೆ ಸುಲಭ. ಸೆನೆಗಲ್‌ನ ಅನ್ನ-ಮೀನಿನ ಅಡುಗೆ ಚೇಬು ಜೆನ್ 2021ರಲ್ಲಿ, ಫ್ರಾನ್ಸ್‌ನ ಬಗೆತ್ ಬ್ರೆಡ್ 2022ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಅಕ್ಕಿ ರೊಟ್ಟಿ, ಕಡುಬು ತಿಂದು ಬೆಳೆದವಳಿಗೆ ದಿನದ ಊಟ ಹೇಗೆ ಪರಂಪರೆಯಾಗುತ್ತದೆ ಎಂದು ಹೇಳಿಕೊಡಬೇಕಾಗಿಲ್ಲ.

ಇನ್ನು ಹ್ಯೂಮನ್ ಇಂಜೆನ್ಯುಯಿಟಿ. ಮನುಷ್ಯನ ಜಾಣ್ಮೆ, ಕೈಚಳಕ, ಹೊಸದನ್ನು ಕಟ್ಟುವ ಶಕ್ತಿ. ಮಕ್ಕಳೆಲ್ಲ ಇಲ್ಲಿ ಮೊಬೈಲ್ ಬಗ್ಗೆ ಮಾತಾಡುತ್ತಾರೆ. ಮೊಬೈಲ್‌ನಿಂದ ಲಾಭ ಇದೆ, ನಷ್ಟವೂ ಇದೆ, ಮಿತವಾಗಿ ಬಳಸಬೇಕು. ಇದನ್ನು ಕೇಳಿ ಕೇಳಿ ಟೀಚರ್‌ಗಳಿಗೆ ಸಾಕಾಗಿರುತ್ತದೆ. ಮೊಬೈಲೇ ಬೇಕಿದ್ದರೆ ಖಚಿತವಾದ್ದನ್ನು ಹೇಳಲಿ: 2018ರ ಕಾನೂನಿನಿಂದ ಫ್ರಾನ್ಸ್‌ನ ಪ್ರಾಥಮಿಕ ಶಾಲೆ ಮತ್ತು ಕೊಲೇಜ್‌ಗಳಲ್ಲಿ ಮಕ್ಕಳು ಮೊಬೈಲ್ ಬಳಸುವಂತಿಲ್ಲ. ಅಲ್ಲಿ ಕೊಲೇಜ್ ಎಂದರೆ ಸುಮಾರು 11ರಿಂದ 15 ವರ್ಷದವರ ಶಾಲೆ. ನಿನ್ನ ಹಾಸ್ಟೆಲ್‌ನಲ್ಲಿ ಹೀಗೆ ಮಾಡಿದರೆ ಏನಾಗುತ್ತದೆ? ಈ ಪ್ರಶ್ನೆಗೆ ಅವಳ ಹತ್ತಿರ ಉತ್ತರ ಇದ್ದೇ ಇರುತ್ತದೆ.

ಆದರೆ ಹಾಸನ ಜಿಲ್ಲೆಯ ಹುಡುಗಿ ಇದಕ್ಕಿಂತ ದೊಡ್ಡದನ್ನು ಕೈಯಲ್ಲಿಟ್ಟುಕೊಂಡಿದ್ದಾಳೆ. ಹಾಸನದಲ್ಲಿ ಉಪಗ್ರಹಗಳ ಹಿಡಿತ ನೋಡಿಕೊಳ್ಳುವ ಇಸ್ರೋ ಕೇಂದ್ರ ಎಂಸಿಎಫ್ ಇದೆ, ಅವಳು ಬಸ್ಸಿನಲ್ಲಿ ಹೋಗುವಾಗ ಅಲ್ಲಿನ ದೊಡ್ಡ ದೊಡ್ಡ ಆಂಟೆನಾ ನೋಡಿರಬಹುದು. ಫ್ರೆಂಚ್ ಗಯಾನಾ ಇರುವುದು ದಕ್ಷಿಣ ಅಮೆರಿಕದಲ್ಲಿ, ಆದರೆ ಅದು ಫ್ರಾನ್ಸ್‌ನದೇ ಭಾಗ. ಅಲ್ಲಿ ಕುರು ಎಂಬ ಊರಿನಲ್ಲಿ ರಾಕೆಟ್ ಉಡಾವಣಾ ಕೇಂದ್ರ ಇದೆ. ಸಮಭಾಜಕ ವೃತ್ತಕ್ಕೆ ಹತ್ತಿರವಾದ್ದರಿಂದ ಭೂಮಿ ತಿರುಗುವ ವೇಗವೇ ರಾಕೆಟ್‌ಗೆ ಸ್ವಲ್ಪ ತಳ್ಳು ಕೊಡುತ್ತದೆ. ನಮ್ಮ ದೇಶದ ಎಷ್ಟೋ ಸಂಪರ್ಕ ಉಪಗ್ರಹಗಳು ಅಲ್ಲಿಂದಲೇ ಏರಿಯಾನ್ ರಾಕೆಟ್‌ನಲ್ಲಿ ಹಾರಿವೆ. 2020ರ ಜನವರಿ 17ರಂದು ಜಿಸ್ಯಾಟ್-30 ಕುರುವಿನಿಂದ ಹಾರಿತು. ರಾಕೆಟ್‌ನಿಂದ ಬೇರೆಯಾದ ಕೂಡಲೇ ಅದರ ಹಿಡಿತವನ್ನು ಕೈಗೆ ತೆಗೆದುಕೊಂಡದ್ದು ಹಾಸನ. ಫ್ರೆಂಚ್ ಮಾತಾಡುವ ಒಂದು ಊರು, ಕನ್ನಡ ಮಾತಾಡುವ ಒಂದು ಊರು, ನಡುವೆ ಒಂದು ಉಪಗ್ರಹ. ಇದಕ್ಕಿಂತ ಒಳ್ಳೆಯ ಜೋಡಿ ಬೇರೆ ಊರಿನ ಯಾವ ಮಗುವಿಗೆ ಸಿಗುತ್ತದೆ ಹೇಳಿ! ಇದನ್ನು ಅವಳಿಗೆ ಹೇಳಿದಾಗ ಮುಖ ನೋಡಿ, ಬಾಯಿಪಾಠದ ಹಾಳೆ ತಾನಾಗಿಯೇ ಪಕ್ಕಕ್ಕೆ ಹೋಗುತ್ತದೆ ಎಂದು ನನ್ನ ನಂಬಿಕೆ. ಕುರುವಿನ ಹುಡುಗಿ ಫ್ರೆಂಚ್ ಪ್ರಜೆ, ಕೈಯಲ್ಲಿ ಯೂರೋ, ಸುತ್ತ ಅಮೆಜಾನ್ ಕಾಡು. ಅವಳು ತನ್ನನ್ನು ಏನೆಂದು ಕರೆದುಕೊಳ್ಳುತ್ತಾಳೆ? ಹೀಗೆ ಕೇಳಿದ ಕೂಡಲೇ ಮಾತು ಐಡೆಂಟಿಟಿಗೆ ವಾಪಸ್ ಬಂತು.

ಕಟ್ಟಡ, ಕಲೆಯ ಚಿತ್ರ ಬಂದರೆ ಬೇಲೂರು ಇದೆ. ಬೇಲೂರಿನ ದೇವಸ್ಥಾನ ವಿಷ್ಣುವರ್ಧನನ ಕಾಲದಲ್ಲಿ 1117ರಲ್ಲಿ ಪ್ರತಿಷ್ಠೆಯಾಯಿತು. ಪ್ಯಾರಿಸ್‌ನ ನೋತ್ರ್ ದಾಮ್ ಕೆಲಸ ಶುರುವಾದದ್ದು 1163ರಲ್ಲಿ. ಒಂದೇ ಶತಮಾನ. 2019ರ ಏಪ್ರಿಲ್‌ನಲ್ಲಿ ನೋತ್ರ್ ದಾಮ್ ಚಾವಣಿಗೆ ಬೆಂಕಿ ಬಿತ್ತು, 2024ರ ಡಿಸೆಂಬರ್‌ನಲ್ಲಿ ಮತ್ತೆ ಬಾಗಿಲು ತೆರೆಯಿತು. ಚಾವಣಿಯ ಮರದ ತೊಲೆಗಳನ್ನು ಬಡಗಿಗಳು ಹಳೆಯ ಕಾಲದ ಹಾಗೆ ಕೊಡಲಿಯಿಂದ ಕೆತ್ತಿದರು. ಜೊತೆಗೆ ಬೆಂಕಿಗೆ ಮೊದಲೇ ಲೇಸರ್‌ನಿಂದ ತೆಗೆದಿಟ್ಟ ಅಳತೆಗಳೂ ನೆರವಿಗೆ ಬಂದವು. ಹಳೆಯ ಕೈ, ಹೊಸ ಕಣ್ಣು. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ. ಬೇಲೂರಿನ ಶಿಲ್ಪಿಗಳು ಎಷ್ಟೋ ಕಡೆ ತಮ್ಮ ಹೆಸರನ್ನೇ ಕಲ್ಲಿನಲ್ಲಿ ಕೆತ್ತಿದ್ದಾರೆ. ದಾಸೋಜ, ಬಳ್ಳಿಗಾವೆಯವನು. ಅವನ ಮಗ ಚಾವಣ. ಸಾಧ್ಯವಾದರೆ ಈ ರಜೆಯಲ್ಲೇ ಒಂದು ದಿನ ಅವಳನ್ನು ಕರೆದುಕೊಂಡು ಹೋಗಿ ಆ ಹೆಸರುಗಳನ್ನು ತೋರಿಸಿ. ಕಲಾವಿದ ತನ್ನ ಹೆಸರು ಬರೆಯಬೇಕೇ, ಬೇಡವೇ? ದೇವಸ್ಥಾನದ ಮುಂದೆ ನಿಂತು ಕನ್ನಡದಲ್ಲೇ ಜಗಳ ಆಡಿ. ಅದು ಫ್ರೆಂಚ್ ಓರಲ್‌ಗೆ ನೀವು ಕೊಡಬಹುದಾದ ಅತ್ಯುತ್ತಮ ಪಾಠ.

ಲೂಯಿ ಬ್ರೈಲ್ ಕಥೆಯನ್ನೂ ಅವಳಿಗೆ ಹೇಳಿ. ಅವರು ಹುಟ್ಟಿದ್ದು 1809ರಲ್ಲಿ. ಚಿಕ್ಕವರಿದ್ದಾಗ ಅಪ್ಪನ ಚರ್ಮದ ಕೆಲಸದ ಕೊಠಡಿಯಲ್ಲಿ ಕಣ್ಣಿಗೆ ಪೆಟ್ಟಾಗಿ ದೃಷ್ಟಿ ಹೋಯಿತು. ಹದಿಹರೆಯದಲ್ಲೇ ಆರು ಚುಕ್ಕಿಯ ಲಿಪಿ ಕಟ್ಟಿದರು, 1829ರಲ್ಲಿ ಅದನ್ನು ಪ್ರಕಟಿಸಿದರು. ಇವತ್ತು ಕನ್ನಡದ ಬ್ರೈಲ್ ಕೂಡ ಅದೇ ಆರು ಚುಕ್ಕಿಯಲ್ಲಿದೆ. ಸುಮಾರು ಅವಳದೇ ವಯಸ್ಸಿನಲ್ಲಿ ಒಬ್ಬ ಹುಡುಗ ಮಾಡಿದ ಕೆಲಸ ಇದು. ಇನ್ನು ನಿಮ್ಮ ಕಡೆ ಆನೆ ಎಲ್ಲಿದೆ ಎಂದು ಮೊಬೈಲಿಗೆ ಸಂದೇಶ ಬರುತ್ತದಲ್ಲ, ಅದೂ ಜಾಣ್ಮೆಯೇ. ಮೊಬೈಲ್ ಬಗ್ಗೆ ಬೇರೆ ಯಾರೂ ಹೇಳದ ಮಾತು ಅದು. ಐಬಿಯ ಇನ್ನೊಂದು ವಿಷಯ, ಭೂಮಿಯನ್ನು ಎಲ್ಲರ ಜೊತೆ ಹಂಚಿಕೊಳ್ಳುವುದು, ಅದಕ್ಕೂ ಇದೇ ಉದಾಹರಣೆ ಒದಗುತ್ತದೆ. ಕೊನೆಯ ಮಾತುಕತೆಗೆ ಐಬಿಯ ಒಟ್ಟು ಐದು ವಿಷಯಗಳಲ್ಲಿ ಯಾವುದು ಬೇಕಾದರೂ ಬರಬಹುದು. ಹಾಗಾಗಿ ಟೀಚರ್ ಹೇಳಿದ ಮೂರನ್ನೇ ನಂಬಿ ಕೂರುವುದು ಬೇಡ.

ಈಗ ಭಾಷೆಯ ಮಾತು. ಮೊದಲು ಕನ್ನಡದಲ್ಲಿ ಯೋಚನೆ ಗಟ್ಟಿಯಾಗಲಿ ಎನ್ನುತ್ತೇನೆ. ಆದರೆ ಕನ್ನಡದ ವಾಕ್ಯವನ್ನು ಒಂದೊಂದೇ ಪದ ಎತ್ತಿ ಫ್ರೆಂಚ್‌ಗೆ ಹಾಕಬಾರದು. ಹಾಗೆ ಮಾಡಿದರೆ ವಾಕ್ಯ ಮಧ್ಯದಲ್ಲೇ ಸಿಕ್ಕಿಕೊಳ್ಳುತ್ತದೆ. ಯೋಚನೆ ಏನೆಂದು ತಿಳಿದ ಮೇಲೆ, ತನಗೆ ಬರುವ ಫ್ರೆಂಚ್‌ನಲ್ಲಿ ಅದನ್ನು ಹೇಗೆ ಹೇಳಬಹುದು ಎಂದು ಹುಡುಕಬೇಕು. ಒಂದು ಪದ ನೆನಪಾಗದಿದ್ದರೆ ಸುತ್ತಿ ಬಳಸಿ ಹೇಳಲಿ. ಪಲ್ಪರ್‌ಗೆ ಫ್ರೆಂಚ್‌ನಲ್ಲಿ ಏನೆನ್ನುತ್ತಾರೆ ಎಂದು ತಲೆ ಕೆಡಿಸಿಕೊಳ್ಳುವುದು ಬೇಡ, 'ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ' ಎಂದರೆ ಆಯಿತು. ನೆನಪಾಗದೆ ಸುಮ್ನೆ ಕೂತರೆ ನಷ್ಟ, ಬಳಸಿ ಹೇಳಿದರೆ ನಷ್ಟವಿಲ್ಲ. ಭಾಷೆಯ ಅಂಕ ತಪ್ಪಿಲ್ಲದ ಸಣ್ಣ ವಾಕ್ಯಗಳಿಗೆ ಮಾತ್ರ ಸಿಗುವುದಿಲ್ಲ, ಬೇರೆ ಬೇರೆ ಬಗೆಯ ವಾಕ್ಯ ಕಟ್ಟುವ ಪ್ರಯತ್ನವನ್ನೂ ನೋಡುತ್ತಾರೆ. 'ನಾನು ಅಲ್ಲಿದ್ದಿದ್ದರೆ ಹೀಗೆ ಮಾಡುತ್ತಿದ್ದೆ' ಎಂಬಂಥ ಒಂದೆರಡು ವಾಕ್ಯ ಮನಸ್ಸಿನಲ್ಲಿ ಸಿದ್ಧ ಇರಲಿ. ಸಾ ದೆಪಾಂ, ಅಂದರೆ 'ಹೇಳೋಕಾಗಲ್ಲ, ನೋಡಬೇಕು'. ಪಾರ್ ಕೋಂತ್ರ್, ಅಂದರೆ 'ಆದರೆ ಇನ್ನೊಂದು ಕಡೆ'. ಇಂಥ ಮಾತುಗಳು ನಾಲಿಗೆ ತುದಿಯಲ್ಲಿರಲಿ. ಅವು ಯೋಚಿಸುವುದಕ್ಕೆ ಎರಡು ಸೆಕೆಂಡ್ ಕೊಡುತ್ತವೆ.

ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಎಂದು ಫ್ರೆಂಚ್‌ನಲ್ಲೇ ಕೇಳಬಹುದು. ಅದು ಮಾತುಕತೆಯ ಸಹಜ ಭಾಗ. ಹೆದರಿ, ಅರ್ಥವಾಗದ ಪ್ರಶ್ನೆಗೆ ಅಂದಾಜಿನ ಉತ್ತರ ಕೊಡುವುದು ಅದಕ್ಕಿಂತ ಕೆಟ್ಟದ್ದು. 'ಹೌದು', 'ಇಲ್ಲ' ಎಂದು ನಿಲ್ಲಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಹೌದು ಎಂದ ಮೇಲೆ ಯಾಕೆ, ಯಾಕೆ ಎಂದ ಮೇಲೆ ಒಂದು ಉದಾಹರಣೆ. ಇಷ್ಟು ಬರಬೇಕು.

ಇಲ್ಲಿಗೆ ನಿಮ್ಮ ಕೆಲಸ ಬಂತು. ಫ್ರೆಂಚ್ ಬರದೇ ಇರುವುದು ಇಲ್ಲಿ ಅಡ್ಡಿಯೇ ಅಲ್ಲ. ದಿನಾ ಸಂಜೆ ಕಾಫಿ ಹೊತ್ತಿಗೆ ಒಂದು ಚಿತ್ರ ಆರಿಸಿ. ಪತ್ರಿಕೆಯದೋ, ಮೊಬೈಲಿನದೋ, ಫ್ರೆಂಚ್ ಮಾತಾಡುವ ಯಾವುದಾದರೂ ದೇಶದ್ದಾಗಿರಲಿ. ಮೊದಲು ಅವಳು ಕನ್ನಡದಲ್ಲಿ ಹೇಳಲಿ. ನೀವು 'ಯಾಕೆ?' ಎಂದು ಕೇಳಿ. 'ನನಗೆ ಹಾಗನ್ನಿಸಲ್ಲ' ಎಂದು ಬೇಕೆಂದೇ ಎದುರಾಡಿ. 'ನಿಮ್ಮಜ್ಜಿ ಇದ್ದಿದ್ದರೆ ಏನನ್ನುತ್ತಿದ್ದರು?' ಎಂದು ಕೇಳಿ. ಆಮೇಲೆ ಅದೇ ಮಾತನ್ನು ಅವಳು ಫ್ರೆಂಚ್‌ನಲ್ಲಿ ಹೇಳಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ. ನಿಮಗೆ ಅರ್ಥವಾಗದಿದ್ದರೂ ಎಲ್ಲಿ ನಿಂತಳು, ಎಲ್ಲಿ ದನಿ ಸಣ್ಣದಾಯಿತು ಎಂದು ಕೇಳಿಸುತ್ತದೆ. ಅದನ್ನಷ್ಟೇ ಹೇಳಿ. ತಪ್ಪು ತಿದ್ದುವ ಕೆಲಸ ಟೀಚರ್‌ಗೆ ಬಿಡಿ. ರೆಕಾರ್ಡ್ ಅನ್ನು ಅವಳೇ ಕೇಳಿಕೊಂಡರೆ ಅರ್ಧ ತಪ್ಪು ಅವಳಿಗೇ ಸಿಗುತ್ತದೆ.

ಒಂದೇ ಒಂದು ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಚಿತ್ರ ನೋಡಿ ಅವಳು ಬರೆದುಕೊಳ್ಳುವುದು 10 ಅಂಶ ದಾಟಬಾರದು, ಅವು ಪೂರ್ತಿ ವಾಕ್ಯವಾಗಿರಬಾರದು. ಪೂರ್ತಿ ವಾಕ್ಯ ಬರೆದುಕೊಂಡರೆ ಕಣ್ಣು ಹಾಳೆಗೆ ಅಂಟುತ್ತದೆ, ಮಾತು ಮತ್ತೆ ಓದಿನ ಹಾಗೆ ಆಗುತ್ತದೆ. ಪರೀಕ್ಷೆಯ ಕೋಣೆಗೆ ಡಿಕ್ಷನರಿ ಬರುವುದಿಲ್ಲ, ಮನೆಯ ಅಭ್ಯಾಸದಲ್ಲೂ ಅದು ಬೇಡ.

ಟ್ಯೂಷನ್ ಬಗ್ಗೆ ಕೇಳಿದಿರಿ. ಇನ್ನಷ್ಟು ಮಾಹಿತಿ ತುಂಬುವ ಟ್ಯೂಷನ್ ಖಂಡಿತ ಬೇಡ. ರಜೆ ಮುಗಿದು ಬೆಂಗಳೂರಿಗೆ ವಾಪಸ್ ಹೋದ ಮೇಲೆ ವಾರಕ್ಕೊಮ್ಮೆ ಯಾರ ಜೊತೆಗಾದರೂ ಫ್ರೆಂಚ್‌ನಲ್ಲಿ ಬರೀ ಮಾತಾಡುವ ಅವಕಾಶ ಸಿಕ್ಕರೆ ಸಾಕು. ಕ್ಲಾಸಿನ ಗೆಳತಿಯೇ ಆಗಬಹುದು, ಫ್ರೆಂಚ್ ಕಲಿಸುವ ಸಂಸ್ಥೆಯಾದ ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಮಾತಿನ ಅಭ್ಯಾಸಕ್ಕೆ ಏನಿದೆ ಎಂದು ವಿಚಾರಿಸಬಹುದು. ಅದಕ್ಕೂ ಮೊದಲು ಅವಳು ತನ್ನ ಟೀಚರ್ ಹತ್ತಿರ ಒಂದು ಮಾತು ಕೇಳಿಕೊಳ್ಳಲಿ: ಹಿಂದಿನ ಅಭ್ಯಾಸದ ಓರಲ್‌ನಲ್ಲಿ ತಾನು ಅಂಕ ಕಳೆದುಕೊಂಡದ್ದು ಭಾಷೆಯಲ್ಲೋ, ಚಿತ್ರವನ್ನು ಫ್ರೆಂಚ್ ಜಗತ್ತಿಗೆ ಜೋಡಿಸುವುದರಲ್ಲೋ, ಮಾತುಕತೆಯಲ್ಲೋ? ಆ ಉತ್ತರ ಬಂದ ಮೇಲೆ, ಉಳಿದ ವಾರಗಳನ್ನು ಅದೊಂದಕ್ಕೇ ಕೊಡಲಿ.